ಶಾಕೀರಣ್ಣ ತಂತಿ ಮುಟ್ಟಿದಾಗ ನಮ್ಮ ಮನೆಯ ಮೇನ್ ಬಂದ್ ಇತ್ತು

ವಿದ್ಯುತ್ ಶಾಖಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಖಾಧಿಕಾರಿಗಳೇ,

ಫೆಬ್ರವರಿ ಹನ್ನೆರಡರಂದು ನಮ್ಮ ಮನೆಯಲ್ಲಿ ವೈರ್‌ಮನ್ ಶಾಕೀರ್ ತೀರಿಕೊಂಡ ಬಗ್ಗೆ ನೀವು ಬರೆದ ವರದಿಯಲ್ಲಿ ಒಂದು ಸಾಲಿದೆ: "ಮೃತರು ಮೇನ್ ಸ್ವಿಚ್ ಬಂದ್ ಮಾಡದೆ, ನಿರ್ಲಕ್ಷ್ಯದಿಂದ ಕೆಲಸಕ್ಕೆ ಕೈಹಾಕಿದ್ದೇ ಅವಘಡಕ್ಕೆ ಕಾರಣ." ಆ ಸಾಲು ಸುಳ್ಳು. ಮೇನ್ ಬಂದ್ ಇತ್ತು. ಬಂದ್ ಮಾಡಿದವಳು ನಾನು. ನಿಮ್ಮ ವರದಿ ಬಂದ ಮೇಲೆ ಊರಿನ ಹಿಟ್ಟಿನ ಗಿರಣಿಯಲ್ಲೂ ಚಹಾದಂಗಡಿಯಲ್ಲೂ ಶಾಕೀರಣ್ಣನಿಗೆ "ಮೇನ್ ತಗೀಲಾರದ ಕೈ ಹಾಕಿದಾಂವ" ಎಂಬ ಹೆಸರು ಬಿದ್ದಿದೆ. ಹದಿನಾಲ್ಕು ವರ್ಷ ಈ ಸುತ್ತಿನ ಹಳ್ಳಿಗಳಲ್ಲಿ ಒಂದು ಬಲ್ಬು ಸುಡದಂತೆ ಕೆಲಸ ಮಾಡಿದವನ ಹೆಸರು ಅದು. ಅವನ ತಾಯಿ ಹಸನಬಿ ಗಿರಣಿಯ ಸರದಿಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಾರೆ. ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿಗಾಗಿ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಯಾರೆಂದು ಜನಕ್ಕೆ ತಿಳಿಯುತ್ತದೆ, ನನಗೆ ಅದು ಬೇಕಿಲ್ಲ. ಯಮನೂರ ದರ್ಗಾಕ್ಕೆ ನಡೆದು ಹೋಗುವವರು ನೀರು ಕುಡಿಯಲು ನಿಲ್ಲುವ ಊರು ಎಂದರೆ ಸಾಕು, ನಿಮಗೆ ಗೊತ್ತಾಗುತ್ತದೆ. ನಾನೂ ನಿಮಗೆ ಗೊತ್ತು. ನೀವು ನಡೆಸುವ "ಬೆಳಕು ಬಳಗ" ಎಂಬ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಪ್ರತಿ ಸಂದೇಶಕ್ಕೂ ಎಲ್ಲರಿಗಿಂತ ಮೊದಲು ಕೈ ಮುಗಿಯುತ್ತಿದ್ದ ಹುಡುಗಿ ನಾನು. ಬೇರೆಯವರು ಸಿನಿಮಾದವರ ಫೋಟೋ ಸ್ಟೇಟಸ್ ಇಡುತ್ತಾರೆ. ನಾನು ನಿಮ್ಮ ಸುರಕ್ಷತಾ ಸಲಹೆಗಳನ್ನು ಇಡುತ್ತಿದ್ದೆ. ಗೆಳತಿಯರು "ಏನಲೇ, ಲೈನ್‌ಮನ್ ಲಗ್ನಾ ಆಗಾಕಿ ಏನ" ಎಂದು ನಕ್ಕರೂ ಬಿಡಲಿಲ್ಲ. ಒಬ್ಬ ಅಧಿಕಾರಿ ಹಳ್ಳಿಯವರಿಗೆ ಅರ್ಥವಾಗುವ ಕನ್ನಡದಲ್ಲಿ ಕರೆಂಟ್ ಹೋಗುವ ಫೇಸ್ ಎಂದರೇನು, ಮರಳುವ ನ್ಯೂಟ್ರಲ್ ಎಂದರೇನು ಎಂದು ತಾಳ್ಮೆಯಿಂದ ಬರೆಯುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತಿತ್ತು. ಡಿಗ್ರಿ ಕಾಲೇಜಿನಲ್ಲಿ ಕಲಿಯದ್ದನ್ನು ನಾನು ಆ ಗುಂಪಿನಲ್ಲಿ ಕಲಿತೆ. ಈಗ ತಿರುಗಿ ಓದಿದರೆ, ಸಾಲದಷ್ಟು ಕಲಿತೆ ಎಂದು ಅನಿಸುತ್ತದೆ. ಸಾಲದಷ್ಟು ಕಲಿತವಳ ಮಾತನ್ನು ನಂಬಿ ಒಬ್ಬರು ಏಣಿ ಹತ್ತಿದರು.

ಅಕ್ಟೋಬರಿನಲ್ಲಿ ನೀವು ಬರೆದಿರಿ: "ಕರೆಂಟ್ ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಬೀಳುವ ಬ್ರೇಕರ್ ಹಾಕಿಸಿಕೊಳ್ಳಿ. ಪುಟ್ಟ ಪೆಟ್ಟಿಗೆ, ಇಡೀ ಮನೆಗೆ ಕಾವಲು." ಅಪ್ಪನ ಬೆನ್ನು ಬಿಡದೆ ದೀಪಾವಳಿಗೆ ಅದನ್ನು ಹಾಕಿಸಿದೆ. ಪೇಟೆಯ ಅಂಗಡಿಯವನು ಬಂದು ಹದಿನೈದು ನಿಮಿಷದಲ್ಲಿ ಕೂರಿಸಿ ಹೋದ. ಮರುದಿನ ಮುಂಜಾನೆ ಆರೂಕಾಲಿಗೆ ಅದು ಬಿತ್ತು. ಟಪ್ ಎಂಬ ಒಂದು ಸಣ್ಣ ಶಬ್ದ, ಆಮೇಲೆ ಫ್ಯಾನು ನಿಧಾನವಾಗುವ ಸದ್ದು. ಅಪ್ಪ ಎತ್ತಿದ, ಮತ್ತೆ ಬಿತ್ತು. ಎತ್ತಿದ, ಬಿತ್ತು. ಅರ್ಧ ತಾಸಿನ ನಂತರ ಏನೂ ಆಗಿಲ್ಲ ಎಂಬಂತೆ ನಿಂತಿತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಯಾವ ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ಮರುದಿನವೂ ಅದೇ. ಅದರ ಮರುದಿನವೂ.

ನಮ್ಮ ಮನೆಯ ಒಂದು ಸಂಗತಿ ಇಲ್ಲಿ ಹೇಳಬೇಕು. ಎರಡು ವರ್ಷದ ಹಿಂದೆ ಅಪ್ಪ ಮತ್ತು ಕಾಕಾ ಈರಬಸಪ್ಪ ಪಾಲಾದರು. ಹೊಲ, ಎತ್ತು, ಕಾಳಿನ ಹಗೇವು ಎಲ್ಲ ಹಂಚಿಕೊಂಡರು. ಮನೆಗೆ ನಟ್ಟನಡುವೆ ಗೋಡೆ ಎದ್ದಿತು. ಅದು ಎದ್ದದ್ದು ನಮ್ಮ ಆಯಿ, ಅಪ್ಪನ ತಾಯಿ ನೀಲಕ್ಕ, ಮಲಗುತ್ತಿದ್ದ ಜಾಗದಲ್ಲೇ. ಗೌಂಡಿ ದಾರ ಹಿಡಿದು ಗುರುತು ಹಾಕುವಾಗ ಆಯಿ ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕೇಳಿದಳು: "ನನ್ನ ಯಾರ ಪಾಲಿಗೆ ಹಾಕೀರಿ?" ಗೌಂಡಿ ದಾರ ಎಳೆದು ಗೂಟಕ್ಕೆ ಕಟ್ಟಿದ. ಮೂರು ತಿಂಗಳಿಗೆ ತೀರಿಹೋದಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಹೀಗಿರುವಾಗ, ಆ ಗೋಡೆಯ ಮಗ್ಗುಲಲ್ಲಿ ಕೂರಿಸಿದ ಪೆಟ್ಟಿಗೆ ಯಾರೂ ಮುಟ್ಟದೆ ದಿನಾ ಒಂದೇ ಹೊತ್ತಿಗೆ ಬಿದ್ದರೆ ಅವ್ವ ಏನು ತಿಳಿಯಬೇಕು?

"ಇದು ಆಯೀನ ನೋಡ್ರಿ," ಎಂದಳು ಅವ್ವ. "ಆರೂಕಾಲಕ್ಕ ಏಳಾಕಿ. ಎದ್ದಕೀನ ಮೊದಲ ಲೈಟ್ ಆರಸಾಕಿ."

"ಸತ್ತ ಮ್ಯಾಲೂ ಕರೆಂಟ್ ಉಳಸ್ತಾಳ ಅಂದ್ರ ಆಕೀನ ಬಿಡು," ಎಂದ ಅಪ್ಪ. ನಗಲು ಹೋಗಿ ನಗಲಿಲ್ಲ.

ಮುಂದಿನ ಸೋಮವಾರ ಅವ್ವ ಆ ಪೆಟ್ಟಿಗೆಗೆ ವಿಭೂತಿಯ ಮೂರು ಪಟ್ಟಿ ಎಳೆದಳು. ಆಮೇಲೆ ದಿನಾ ಎಳೆದಳು. ಅದು ಬೀಳುವ ಮೊದಲು ಅವಳು ಗೋಡೆಯ ಕಡೆ ನೋಡುತ್ತ ನಿಲ್ಲುತ್ತಿದ್ದಳು, ಬಿದ್ದ ಮೇಲೆ "ಆತಬೇ, ಎದ್ದೀವಿ" ಎಂದು ಮೆಲ್ಲಗೆ ಹೇಳುತ್ತಿದ್ದಳು. ನಾನು ನಿಮ್ಮ ಶಿಷ್ಯೆ, ದೆವ್ವ ನಂಬುವವಳಲ್ಲ. ಆದರೆ ಆರು ಗಂಟೆ ಹತ್ತು ನಿಮಿಷವಾದರೆ ನನ್ನ ಕಿವಿಯೂ ಆ ಕಡೆಗೇ ಇರುತ್ತಿತ್ತು.

ನಾನು ನನ್ನ ಗುರುಗಳಿಗೆ ಬರೆದೆ. "ಸರ್, ಇವತ್ತು 6:15, 6:17, 6:22, ಸಂಜೆ 5:40." ನೀವು ಹೆಬ್ಬೆರಳು ಎತ್ತಿದಿರಿ. ಆ ಹೆಬ್ಬೆರಳನ್ನು ನಾನು ಅವ್ವನಿಗೆ ತೋರಿಸಿ "ಸಾಹೇಬ್ರು ನೋಡ್ಯಾರ" ಎಂದೆ. ಮರುದಿನ ಮತ್ತೆ ಬರೆದೆ, ಮತ್ತೆ ಹೆಬ್ಬೆರಳು. ಡಿಸೆಂಬರಿನಲ್ಲಿ ಸಹಾಯವಾಣಿಗೆ ಕರೆ ಮಾಡಿ ದೂರು ಬರೆಸಿದೆ. ನಾಲ್ಕು ತಾಸಿನಲ್ಲಿ ಸಂದೇಶ ಬಂತು: "ನಿಮ್ಮ ದೂರನ್ನು ಪರಿಹರಿಸಲಾಗಿದೆ." ಯಾರು ಪರಿಹರಿಸಿದರು, ಯಾವಾಗ ಬಂದರು, ನಾವು ಮನೆಯಲ್ಲೇ ಇದ್ದರೂ ಅವರು ನಮಗೆ ಕಾಣಲಿಲ್ಲವೇಕೆ? ನಮ್ಮ ಮನೆಯಲ್ಲಿ ಕಣ್ಣಿಗೆ ಕಾಣದವರು ಓಡಾಡುತ್ತಾರೆ ಎಂದು ಅವ್ವ ಹೇಳಿದ್ದಕ್ಕೆ ಮೊದಲ ಲಿಖಿತ ಪುರಾವೆ ಸಿಕ್ಕಿದ್ದು ನಿಮ್ಮ ಇಲಾಖೆಯಿಂದಲೇ.

ಇನ್ನೊಂದು ಸಂಗತಿಯನ್ನು ಬಚ್ಚಿಡುವುದಿಲ್ಲ. ಅದೇ ಗುಂಪಿನಲ್ಲಿ ಕಾಕಾನ ಮಗ ಗೌರೀಶನೂ ಇದ್ದಾನೆ. ಅವನೂ ದಿನಾ ಬರೆಯುತ್ತಿದ್ದ. "ಸರ್, ಬಾಜೂ ಮನೆಯವರು ಬೇಕಂತಲೇ ನಮ್ಮ ಕರೆಂಟ್ ತೆಗೆಯುತ್ತಿದ್ದಾರೆ. ಇವತ್ತು 6:15, 6:17, 6:22." ನನ್ನ ಸಂದೇಶದ ಕೆಳಗೇ ಅವನ ಸಂದೇಶ. ಒಂದೇ ದಿನ, ಒಂದೇ ನಿಮಿಷ, ಎರಡು ಮನೆ. ನೀವು ಎರಡಕ್ಕೂ ಹೆಬ್ಬೆರಳು ಎತ್ತಿದ್ದೀರಿ. ನಾನೂ ಓದಿದ್ದೆ. ಅವನು ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡು ಹಲ್ಲು ಕಿಸಿಯುವ ಕೋತಿಯ ಸ್ಟಿಕರ್ ಹಾಕಿದೆ. ಅಲ್ಲಿ ಒಬ್ಬರಾದರೂ ಎರಡು ಸಂದೇಶಗಳನ್ನು ಒಟ್ಟಿಗೆ ಓದಿದ್ದರೆ ಸಾಕಿತ್ತು. ನನಗೆ ಜಗಳ ಅಡ್ಡ ಬಂತು. ನಿಮಗೆ ಏನು ಅಡ್ಡ ಬಂತು?

ಕಾಕಾನ ಮನೆಯವರ ಕರೆಂಟ್ ಹೋಗುತ್ತಿದ್ದದ್ದು ಬಚ್ಚಲದ ಪ್ಲಗ್ಗಿಗೆ ನೀರು ಕಾಸುವ ಕಾಯಿಲ್ ಹಾಕಿದಾಗ ಮಾತ್ರ. ಅದನ್ನು ಬೇರೆ ಪ್ಲಗ್ಗಿಗೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಬಹುದಿತ್ತು. ಕಾಕಾ ಹಾಕಲು ಬಿಡಲಿಲ್ಲವಂತೆ. "ನಮ್ಮ ಬಚ್ಚಲದಾಗ ನಮ್ಮ ನೀರ ಕಾಸಾಕ ಅವರ ಅಪ್ಪಣಿ ಬೇಕೇನು? ಹಾಕು, ತಗೀಲಿ, ಮತ್ತ ಹಾಕು" ಎಂದನಂತೆ. ಈ ಕಡೆ ಅಪ್ಪ ಎತ್ತುತ್ತಿದ್ದ, ಆ ಕಡೆ ಅವರು ಹಾಕುತ್ತಿದ್ದರು. ಗೋಡೆಯ ಎರಡು ಬದಿಗೆ ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡದೆ ಮೂರು ತಿಂಗಳು ಜಗಳವಾಡಿದ್ದು ಹೀಗೆ.

ಫೆಬ್ರವರಿ ಹತ್ತರಂದು ನಿಮ್ಮಿಂದ ಮೊದಲ ಬಾರಿಗೆ ಅಕ್ಷರದಲ್ಲಿ ಉತ್ತರ ಬಂತು: "ಮೀಟರಿನಿಂದ ಒಳಗಿನದು ಗ್ರಾಹಕರ ಜವಾಬ್ದಾರಿ. ಪರವಾನಗಿ ಇರುವ ವೈರ್‌ಮನ್‌ಗೆ ತೋರಿಸಿ. ಕೆಲಸಕ್ಕೆ ಮುನ್ನ ಮೇನ್ ಬಂದ್ ಮಾಡಿ. ಮೇನ್ ಬಂದ್ ಆದ ಮೇಲೆ ಭಯವಿಲ್ಲ." ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದರೆ, ಅದರ ಪಕ್ಕದ ಸಮಯವೂ ಬಾಯಿಪಾಠವಾಗಿದೆ. ಬೆಳಿಗ್ಗೆ 11:08. ನಾನು ಅದನ್ನು ಶಾಕೀರಣ್ಣನಿಗೆ ಫಾರ್ವರ್ಡ್ ಮಾಡಿದೆ.

ಅವನು ಎರಡು ದಿನ ಬಿಟ್ಟು ಬಂದ. ಕಡಲೆ ಕೀಳುವ ಕಾಲ, ಅಪ್ಪ ಹೊಲದಲ್ಲಿದ್ದ. ಮನೆಯಲ್ಲಿ ನಾನು ಮತ್ತು ಅವ್ವ. ಶಾಕೀರಣ್ಣ ವಿಭೂತಿ ಹಚ್ಚಿದ ಪೆಟ್ಟಿಗೆ ನೋಡಿ ನಕ್ಕ.

"ಅಕ್ಕಾರ, ಇದಕ್ಕ ಲಿಂಗಾನೂ ಕಟ್ಟಬೇಕಿತ್ತಲ್ರಿ."

"ನಗಬ್ಯಾಡಪಾ. ಆಯಿ ಐತಿ ಅದರಾಗ," ಎಂದಳು ಅವ್ವ.

"ಇದ್ರ ಇರ್ಲಿ ಬಿಡ್ರಿ. ನೀಲಕ್ಕ ಆಯಿ ಕೈಯಾಗ ಸಣ್ಣಾಂವ ಇದ್ದಾಗ ಭಾಳ ರೊಟ್ಟಿ ತಿಂದೇನಿ, ನನಗ ಏನ್ ಮಾಡೂದಿಲ್ಲ." ನನ್ನ ಕಡೆ ತಿರುಗಿ, "ತಂಗಿ, ಮೇನ್ ತಗಿ," ಎಂದ.

ನಾನು ತೆಗೆದೆ. ಫ್ಯಾನು ನಿಂತಿತು. ಅವನು ಟೆಸ್ಟರ್ ತೆಗೆದು ಒಂದೊಂದೇ ತಂತಿಗೆ ಹಚ್ಚಿ ನೋಡಿದ. ದೀಪ ಹತ್ತಲಿಲ್ಲ. ಎರಡನೆಯ ಸಲವೂ ನೋಡಿದ. ನಿರ್ಲಕ್ಷ್ಯದವನು ಎರಡನೆಯ ಸಲ ನೋಡುತ್ತಾನೆಯೇ? ಆಮೇಲೆ ಕಬ್ಬಿಣದ ಏಣಿ ಹಾಕಿ, ನಡುಗೋಡೆಯ ಮೇಲ್ತುದಿಯಲ್ಲಿದ್ದ ಹಳೆಯ ಜೋಡಣೆಯ ಡಬ್ಬಿ ಬಿಚ್ಚಿದ. "ಬಂದ್ ಐತೆಲ್ಲಾ ತಂಗಿ?" ಎಂದು ಮೇಲಿಂದ ಕೇಳಿದ. "ಬಂದ್ ಐತಿ ಅಣ್ಣಾ, ಭಯ ಇಲ್ಲ, ಕೈ ಹಾಕ್ರಿ," ಎಂದೆ. ಅದು ನನ್ನ ಮಾತು. ಅರ್ಧ ನಿಮ್ಮದು.

ಆಗ ಗೋಡೆಯ ಆಚೆಯಿಂದ ಚಿಗವ್ವ ಮಹಾನಂದಾಳ ದನಿ ಕೇಳಿತು. ಕಾಕಾನ ಹೆಂಡತಿ. ಹೊಲದಿಂದ ಆಗಷ್ಟೇ ಬಂದು ನೀರು ಕಾಸಲು ಹೋಗಿದ್ದಳು. ಎರಡು ವರ್ಷದಲ್ಲಿ ಗೋಡೆ ದಾಟಿ ಬಂದ ಮೊದಲ ಮಾತು: "ಮತ್ತ ತಗದ್ರೇನ್ರೆವಾ ಕರೆಂಟು? ಹಾಡಹಗಲೇನೂ ಸುರು ಹಚ್ಚೀರೇನು?"

ನಾನು ಉತ್ತರ ಕೊಡಲು ಗೋಡೆಯ ಕಡೆ ತಿರುಗಿದೆ. ಎರಡು ವರ್ಷದಿಂದ ಕೂಡಿಟ್ಟಿದ್ದ ಮಾತುಗಳಿದ್ದವು, ಚೆನ್ನಾಗಿ ಹರಿತವಾಗಿದ್ದವು. ಅವುಗಳಲ್ಲಿ ಎರಡು ಮೂರು ಆಡಿಯೂ ಆಡಿದೆ. ಆಚೆಯಿಂದಲೂ ಬಂದವು. ಏಣಿಯ ಮೇಲೆ ಶಾಕೀರಣ್ಣ ಸುಮ್ಮನಿದ್ದಾನೆ ಎಂಬುದು ನನ್ನ ಅರಿವಿಗೆ ಬಂದಾಗ ಅವನು ತಂತಿ ಹಿಡಿದುಕೊಂಡೇ ನಿಂತಿದ್ದ. ಕೂಗಿರಲಿಲ್ಲ. ಅವನಿಂದ ಕೂಗಲು ಆಗಿರಲಿಲ್ಲ. ಅವ್ವ ಒನಕೆಯಿಂದ ಏಣಿ ತಳ್ಳಿದಳು, ಅವನು ಬಿದ್ದ. ಟಂಟಂ ಗಾಡಿಯಲ್ಲಿ ತಾಲೂಕಿನ ಆಸ್ಪತ್ರೆಗೆ ಒಯ್ದರು. ಡಾಕ್ಟರು ಕೈ ಹಿಡಿದು ನೋಡಿ ಬಿಟ್ಟರು.

ನೀವು ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಮನೆಗೆ ಬಂದು ಹೋಗುವ ಜನಕ್ಕೆ ಬೆಳಕು, ಗಾಳಿ ಬೇಕೆಂದು ಯಾರೋ ಮೇನ್ ಎತ್ತಿದ್ದರು. ನೀವು ಒಳಗೆ ಬಂದಿರಿ, ಪೆಟ್ಟಿಗೆ ನೋಡಿದಿರಿ, ಮೇನ್ ಎದ್ದಿದ್ದನ್ನು ನೋಡಿದಿರಿ, ಫೋಟೋ ತೆಗೆದಿರಿ. ಮೂರನೆಯ ದಿನದ ಮೇನನ್ನು ಮೊದಲನೆಯ ದಿನದ ಮೇನ್ ಎಂದು ಬರೆದಿರಿ. ಏಳು ನಿಮಿಷ ಇದ್ದಿರಿ. "ಸರ್, ಬಂದ್ ಇತ್ತು, ನಾನ ತಗದಿದ್ದೆ" ಎಂದು ನಾನು ಮೂರು ಸಲ ಹೇಳಿದೆ. "ಗಾಬರಿಯಾಗಿರ್ತೀಯವ್ವಾ, ನೆನಪಿರೂದಿಲ್ಲ" ಎಂದಿರಿ. ಇಷ್ಟು ದಿನ ನಿಮ್ಮ ಒಂದೊಂದು ಅಕ್ಷರ ನೆನಪಿಟ್ಟವಳಿಗೆ. ಬಾಜೂ ಮನೆಯ ಹೊಸ್ತಿಲನ್ನು ನೀವು ತುಳಿಯಲಿಲ್ಲ. ಅಲ್ಲಿನ ಮೀಟರಿನಲ್ಲಿ ಒಂದು ಕೆಂಪು ದೀಪವಿದೆ, ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ತಾಳೆಯಾಗದಿದ್ದರೆ ಹತ್ತುವಂಥದ್ದು. ಅದು ಏನೆಂದು ನೀವೇ ಗುಂಪಿನಲ್ಲಿ ಚಿತ್ರ ಬಿಡಿಸಿ ವಿವರಿಸಿದ್ದಿರಿ. ತಿಂಗಳಿಗೊಮ್ಮೆ ರೀಡಿಂಗ್‌ಗೆ ಬರುವ ನಿಮ್ಮ ಸಿಬ್ಬಂದಿ ಅದನ್ನು ನೋಡಿಯೂ ಏನೂ ಬರೆಯಲಿಲ್ಲವೋ, ಬರೆದದ್ದನ್ನು ಯಾರೂ ಓದಲಿಲ್ಲವೋ?

ಮುಂದಿನ ವಾರ ಗೌರೀಶ ಫೋನ್ ಮಾಡಿದ. ಎರಡು ವರ್ಷದ ನಂತರ. ಬೇರೇನೂ ಕೇಳಲಿಲ್ಲ, "ಐಶೂ, ಆ ದಿನದ ಟೈಮ್ ಹೇಳು" ಎಂದ. ಹೇಳಿದೆ. "ನಮ್ಮವ್ವ ಕಾಯಿಲ್ ಹಾಕಿದ್ದೂ ಆವಾಗನ," ಎಂದ. ಆಮೇಲೆ ನಾವಿಬ್ಬರೂ ಫೋನ್ ಕಿವಿಗಿಟ್ಟುಕೊಂಡು ಗೋಡೆಯ ಎರಡು ಬದಿಗೆ ನಿಂತೆವು. ನಾನು ಮೇನ್ ಬಂದ್ ಮಾಡಿ, ಒಣಗಿದ ಹಲಗೆಯ ಮೇಲೆ ನಿಂತು, ನಮ್ಮ ಪ್ಲಗ್ಗಿನ ನ್ಯೂಟ್ರಲ್ ತೂತಿಗೆ ಟೆಸ್ಟರ್ ಹಚ್ಚಿದೆ.

"ಹಾಕಿದೆ," ಎಂದ ಗೌರೀಶ.

"ಬಂತು."

"ತಗದೆ."

"ಹೋತು."

"ಹಾಕಿದೆ."

"ಬಂತಲೇ."

"ಐಶೂ, ಬ್ಯಾಡ, ಕೈ ತಗಿ. ಸಾಕು."

ಫ್ಯಾನು ತಿರುಗದ, ಬಲ್ಬು ಉರಿಯದ, ಮೇನ್ ಬಿದ್ದ ಮನೆ. ಅದರೊಳಗೆ ಟೆಸ್ಟರಿನ ಕೆಂಪು ಕಾಳು ಹತ್ತಿ ಆರಿ ಹತ್ತಿತು. ನಾನು ಆ ದಿನ ಹೆದರಿದಷ್ಟು ಆಯಿಯ ಕಥೆಗೂ ಹೆದರಿರಲಿಲ್ಲ.

ವಿಷಯ ಇಷ್ಟು. ಕಾಕಾನ ಬಚ್ಚಲದ ಪ್ಲಗ್ಗಿಗೆ ಕರೆಂಟ್ ಹೋಗುವುದು ಅವನ ಮೀಟರಿನಿಂದ. ಮರಳುವುದು ನಮ್ಮ ಮನೆಯ ಹಳೆಯ ನ್ಯೂಟ್ರಲ್ ತಂತಿಯಲ್ಲಿ. ಗೌಂಡಿ ಗೋಡೆ ಕಟ್ಟುವಾಗ ಹಳೆಯ ಪೈಪನ್ನು ಇದ್ದಂತೆಯೇ ಒಳಗಿಟ್ಟು ಸಿಮೆಂಟ್ ಮೆತ್ತಿದ. ಹೊಸ ಮೀಟರಿನವರು ಹೋಗುವ ತಂತಿಯನ್ನು ಮಾತ್ರ ಬದಲಿಸಿದರು. ನಮ್ಮಿಂದ ಹೋಗದ ಕರೆಂಟ್ ನಮ್ಮ ತಂತಿಯಲ್ಲಿ ಮರಳಿದರೆ ಬ್ರೇಕರ್ ಅದನ್ನೂ ಸೋರಿಕೆ ಎಂದೇ ತಿಳಿಯುತ್ತದೆ. ಅದಕ್ಕೇ ಅವರು ಕಾಯಿಲ್ ಹಾಕಿದಾಗಲೆಲ್ಲ ನಮ್ಮ ಬ್ರೇಕರ್ ಬೀಳುತ್ತಿತ್ತು, ಅದು ಬಿದ್ದರೆ ಅವರ ಕಾಯಿಲ್ ಆರುತ್ತಿತ್ತು. ನಮ್ಮ ಮೇನ್ ಬಂದ್ ಇದ್ದಾಗ ಆ ನ್ಯೂಟ್ರಲ್ಲೂ ಕಡಿದಿರುತ್ತದೆ; ಆಗ ಅವರು ಸ್ವಿಚ್ ಹಾಕಿದರೆ, ಮರಳಲು ದಾರಿಯಿಲ್ಲದ ಕರೆಂಟ್ ನಮ್ಮ ಸತ್ತ ತಂತಿಗಳಲ್ಲಿ ಬಂದು ಕಾಯುತ್ತಿತ್ತು. ಯಾರಾದರೂ ಮುಟ್ಟಲಿ ಎಂದು. ಬ್ರೇಕರ್ ಮೂರು ತಿಂಗಳು ದಿನಾ ಬಿದ್ದು ಹೇಳುತ್ತಿದ್ದದ್ದು ಇದನ್ನೇ. ಅವ್ವ ಅದಕ್ಕೆ ವಿಭೂತಿ ಹಚ್ಚಿದಳು, ನೀವು ಹೆಬ್ಬೆರಳು ಎತ್ತಿದಿರಿ. ಅವ್ವ ದಿನಾ ಅದರ ಮುಂದೆ ನಿಂತಾದರೂ ನಿಲ್ಲುತ್ತಿದ್ದಳು.

ಕಾಕಾನ ಮೀಟರಿಗೆ ಮಂಜೂರಾತಿ ಕೊಟ್ಟಾಗಿನ ಕಾಗದದ ಪ್ರತಿಯನ್ನು ಗೌರೀಶ ತೋರಿಸಿದ. "ಎರಡು ಮನೆಗಳ ವೈರಿಂಗ್ ನಡುವೆ ಯಾವುದೇ ಸಂಪರ್ಕವಿಲ್ಲವೆಂದು ಸ್ಥಳದಲ್ಲಿ ಪರೀಕ್ಷಿಸಿ ದೃಢೀಕರಿಸಿದೆ." ಕೆಳಗೆ ಗುತ್ತಿಗೆದಾರರ ಸಹಿ, ಅದರ ಕೆಳಗೆ ನಿಮ್ಮದು. ಆ ದಿನ ಯಾರೂ ಬರಲಿಲ್ಲ ಎಂದು ಕಾಕಾ ಹೇಳುತ್ತಾನೆ. ಶಾಕೀರಣ್ಣ ಬಂದಿದ್ದ, ಟೆಸ್ಟರ್ ಹಚ್ಚಿ ಎರಡು ಸಲ ನೋಡಿದ್ದ. ಬಂದು ಪರೀಕ್ಷಿಸಿದವನು ನಿರ್ಲಕ್ಷ್ಯದವನು, ಬಾರದೆ ದೃಢೀಕರಿಸಿದವರು ತನಿಖಾಧಿಕಾರಿ. ಇದು ಯಾವ ಲೆಕ್ಕ?

ಅದೇ ಪರೀಕ್ಷೆಯನ್ನು ಮರುದಿನ ಮತ್ತೊಮ್ಮೆ ಮಾಡಿ, ತೆಗೆದ ವಿಡಿಯೋವನ್ನು ನಾವಿಬ್ಬರೂ ಸೇರಿ ಗುಂಪಿಗೆ ಹಾಕಿದೆವು. ನಾಲ್ಕು ನಿಮಿಷದಲ್ಲಿ ನಮ್ಮಿಬ್ಬರನ್ನೂ ಗುಂಪಿನಿಂದ ತೆಗೆದಿರಿ. ನಿಮ್ಮ ಕಚೇರಿ ಇಷ್ಟು ಬೇಗ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗ ಮನೆ ಹೇಗಿದೆ ಎಂದರೆ, ಬ್ರೇಕರ್ ಬೀಳುವುದಿಲ್ಲ. ಆ ಪ್ಲಗ್ಗಿಗೆ ಕಾಕಾ ಮಣ್ಣು ಮೆತ್ತಿಬಿಟ್ಟಿದ್ದಾನೆ. ಚಿಗವ್ವ ಯಾವ ಸ್ವಿಚ್ಚಿಗೂ ಬೆರಳು ಹಚ್ಚುವುದಿಲ್ಲ, ಲಟ್ಟಣಿಗೆಯಿಂದ ಒತ್ತುತ್ತಾಳೆ. ಒತ್ತಿ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತಾಳೆ. ನಾನು ಕೇಳಿದಾಗ "ಯಾರರ ಬೀಳ್ತಾರೇನು ಅಂತ" ಎಂದಳು. ಅವ್ವ ನನ್ನ ಮಾತನ್ನೆಲ್ಲ ಕೇಳಿ, ತಂತಿಯ ಚಿತ್ರ ಬರೆದು ತೋರಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ಹಂಗಾರ ಅದು ಆಯಿ ಅಲ್ಲೇನು?" ಅಲ್ಲ ಎಂದೆ. ಏನೋ ಕಳಕೊಂಡವಳಂತೆ ಎದ್ದು ಹೋದಳು. ನನಗೆ ಮಾತ್ರ ಆರೂಕಾಲಿಗೆ ಎಚ್ಚರವಾಗುತ್ತದೆ, ಈಗ ಏನೂ ಬೀಳುವುದಿಲ್ಲ ಎಂದು ಗೊತ್ತಿದ್ದರೂ. ಬೀಳದಿರುವುದೇ ಹೆಚ್ಚು ಕೇಳಿಸುತ್ತದೆ.

ನಿಮ್ಮ ವರದಿಯ ಸುದ್ದಿ ಊರಲ್ಲಿ ಹಬ್ಬಿದ ದಿನ ಹಸನಬಿ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತರು.

"ಖರೇ ಹೇಳವ್ವಾ. ನನ್ನ ಮಗ ಮೇನ್ ತಗೀಲಾರದ ಕೈ ಹಾಕಿದ್ನೇನು?"

"ಇಲ್ಲಬೇ. ನಾನ ತಗದಿದ್ದೆ. ನನ್ನ ಕೇಳಿ ಕೇಳಿನ ಹತ್ತಿದಾಂವ."

ಅವರು ತಲೆಯಾಡಿಸಿದರು. ಅಳಲಿಲ್ಲ. "ನನಗ ಗೊತ್ತಿತ್ತು. ಮನ್ಯಾಗ ಬಲ್ಬ್ ಬದಲಿ ಮಾಡೂಮುಂದನೂ ನನ್ನ ಮೇನ್ ಕಡೆ ನಿಂದ್ರಸಾಂವ, ಯಾರರ ಹಾಕಿದಾರು ಅಂತ. ಆದ್ರ ನನಗ ಹೇಳಿದ್ರ ಏನ್ ಬಂತು? ಕಾಗದಕ್ಕ ಹೇಳು."

ಆದ್ದರಿಂದ ಕಾಗದಕ್ಕೆ ಹೇಳುತ್ತಿದ್ದೇನೆ. ನಮ್ಮ ಊರಿನಲ್ಲಿ ಪಾಲಾದ ಮನೆಗಳು ಮೂವತ್ತೊಂದು. ನಾನೂ ಗೌರೀಶನೂ ಎಣಿಸಿದ್ದೇವೆ. ಮೂವತ್ತೊಂದು ನಡುಗೋಡೆಗಳಲ್ಲಿ ಎಷ್ಟರೊಳಗೆ ಇಂಥ ತಂತಿ ಇದೆಯೋ ಯಾರಿಗೂ ಗೊತ್ತಿಲ್ಲ. ಎಲ್ಲದಕ್ಕೂ ನಿಮ್ಮ ದೃಢೀಕರಣವಿದೆ. ಅವನ್ನೆಲ್ಲ ಪರೀಕ್ಷಿಸಿ, ಮೇನ್ ಬಂದ್ ಆದರೆ ಭಯವಿಲ್ಲ ಎಂಬ ಸಂದೇಶವನ್ನು ಗುಂಪಿನಲ್ಲಿ ನೀವೇ ತಿದ್ದಿ. ಆದರೆ ಮೊದಲು ನಮ್ಮ ಮನೆಗೆ ಬನ್ನಿ. ದಿನ ನೀವೇ ಹೇಳಿ. ಮೇನನ್ನು ನೀವೇ ನಿಮ್ಮ ಕೈಯಾರೆ ಬಂದ್ ಮಾಡಿ, ಬೇಕಾದರೆ ಬೀಗ ಹಾಕಿ. ಒಣ ಹಲಗೆ ಕೊಡುತ್ತೇವೆ, ಅದರ ಮೇಲೆ ನಿಲ್ಲಿ, ನಿಮ್ಮದೇ ಟೆಸ್ಟರನ್ನು ನಮ್ಮ ನ್ಯೂಟ್ರಲ್‌ಗೆ ಹಚ್ಚಿ. ಆಚೆ ಗೌರೀಶ ಮಣ್ಣು ತೆಗೆದು ಕಾಯಿಲ್ ಹಾಕುತ್ತಾನೆ. ದೀಪ ಹತ್ತಿತೋ ಇಲ್ಲವೋ ಎಂದು ನನಗೆ ಹೇಳುವುದು ಬೇಡ, ಗುಂಪಿನಲ್ಲಿ ಬರೆಯುವುದೂ ಬೇಡ. ಹಸನಬಿ ನಿಮ್ಮ ಬಾಜೂಕೇ ನಿಂತಿರುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ನೀವು ಕಂಡದ್ದನ್ನು ಅವರಿಗೆ ಬಾಯಿಬಿಟ್ಟು ಹೇಳಿ, ಆಮೇಲೆ ಅವರ ಮುಂದೆಯೇ ಕೂತು ಆ ಸಾಲನ್ನು ತಿದ್ದಿ ಬರೆಯಿರಿ.

ಇಂತಿ,
ಒಂದು ಕಾಲದ ನಿಮ್ಮ ಅಭಿಮಾನಿ, ಈಗ ಬರೀ ಒಬ್ಬ ಗ್ರಾಹಕಿ,
ಐಶ್ವರ್ಯ